ವಂಶಾವಳಿ ಪುಸ್ತಕ ಮಾಡಿಕೊಡ್ತೀನಿ ಅಂತ ಬರೋ ‘ಸಂಶೋಧಕ’ನಿಗೆ ದುಡ್ಡು ಕೊಡಬೇಡಿ. ದಾವಣಗೆರೆ, ಚಿತ್ರದುರ್ಗ ಕಡೆಯವರು ದಯವಿಟ್ಟು ಓದಿ

ಮೊದಲೇ ಹೇಳಿಬಿಡುತ್ತೇನೆ. ‘ನಿಮ್ಮ ಮನೆತನದ ಇತಿಹಾಸ ಹುಡುಕಿ ಪುಸ್ತಕ ಮಾಡಿಕೊಡುತ್ತೇನೆ’ ಅಂತ ಒಬ್ಬ ಮನುಷ್ಯ ನಮ್ಮ ಕಡೆಯೆಲ್ಲಾ ಓಡಾಡುತ್ತಿದ್ದಾನೆ. ಅವನಿಗೆ ಒಂದು ರೂಪಾಯಿ ಕೊಡಬೇಡಿ. ಮನೆಯ ಹಳೇ ಕಾಗದ, ಹಳೇ ಫೋಟೋ ಅಂತೂ ಕೈಗೇ ಕೊಡಬೇಡಿ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ನೆನಪಿಟ್ಟುಕೊಂಡರೆ ಸಾಕು. ಹೆಸರು ಹಾಕುತ್ತಿಲ್ಲ, ಹಾಕಬೇಡ ಅಂತ ವಕೀಲರು ಹೇಳಿದ್ದಾರೆ. ಐವತ್ತರ ಆಸುಪಾಸಿನವನು, ಖಾದಿ ಜುಬ್ಬಾ, ಹೆಗಲಿಗೆ ಬಟ್ಟೆ ಚೀಲ, ಮಾತು ಬೆಣ್ಣೆ.

ನಮ್ಮದು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ. ಅಣ್ಣತಮ್ಮಂದಿರ ಮನೆಗಳೆಲ್ಲ ಈಗ ಶಿವಮೊಗ್ಗ, ಹುಬ್ಬಳ್ಳಿ, ಬೆಂಗಳೂರು ಅಂತ ಚದುರಿಹೋಗಿವೆ. ಮನೆದೇವರ ಪರವಿಗೆ ಮಾತ್ರ ಎಲ್ಲರೂ ಸೇರುತ್ತೇವೆ. ಮಕ್ಕಳಿಗೆ ದೊಡ್ಡಪ್ಪ ಯಾರು, ಚಿಕ್ಕಪ್ಪ ಯಾರು ಅನ್ನೋದೇ ಗೊತ್ತಾಗುತ್ತಿಲ್ಲ. ಹಾಗಾಗಿ ವಂಶಾವಳಿಯನ್ನು ಒಂದು ಪುಸ್ತಕ ಮಾಡಿ ಪರವಿನ ದಿನ ಎಲ್ಲರಿಗೂ ಹಂಚೋಣ ಅಂತ ಮಾತಾಯಿತು. ಅಜ್ಜ ಇದ್ದಾಗ ಇದರ ಅಗತ್ಯವೇ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು, ಜೋಳವೋ ಬಟ್ಟೆಯೋ ಕೊಟ್ಟಿದ್ದು ತಗೊಂಡು ಹೋಗುತ್ತಿದ್ದರು. ಅಜ್ಜ ಹೋದ ಮೇಲೆ ನಾವ್ಯಾರೂ ಊರಲ್ಲಿ ಇರಲಿಲ್ಲ. ಅವರೂ ಬರೋದು ಬಿಟ್ಟರು.

ಆ ಜಾಗಕ್ಕೆ ಬಂದವನು ಈ ಮಹಾನುಭಾವ. ನೆಂಟರೊಬ್ಬರು ವಾಟ್ಸಾಪ್‌ನಲ್ಲಿ ನಂಬರ್ ಕಳಿಸಿದರು. ‘ತುಂಬಾ ತಿಳಿದವರು’ ಅಂತ ಕೈ ಮುಗಿಯೋ ಗುರುತು ಬೇರೆ.

ದಾವಣಗೆರೆಯ ಹೋಟೆಲ್ಲೊಂದರಲ್ಲಿ ಭೇಟಿಯಾದೆವು. ಕೂತ ತಕ್ಷಣ ನನ್ನ ಮುಖ ನೋಡಿ, ‘ಸರ್, ನಿಮ್ಮ ಮುಖದಲ್ಲೇ ಪಾಳೇಗಾರರ ಕಾಲದ ಕಳೆ ಇದೆ’ ಅಂದ. ಈಗ ಬರೆಯುವಾಗ ಮೈ ಉರಿಯುತ್ತದೆ, ಆವತ್ತು ಖುಷಿಯಾಗಿತ್ತು. ಸುಮ್ನೆ ಬುರುಡೆ ಬಿಡುವವನಲ್ಲ ಅವನು. ಚಿತ್ರದುರ್ಗದ ಪಾಳೇಗಾರರ ಮೂಲಪುರುಷ ಮತ್ತಿ ತಿಮ್ಮಣ್ಣ ನಾಯಕನಿಂದ ಶುರು ಮಾಡಿ, 1779ರಲ್ಲಿ ಹೈದರಾಲಿ ದುರ್ಗದ ಕೋಟೆ ಹಿಡಿಯುವವರೆಗೆ ನಾಯಕರ ಹೆಸರುಗಳನ್ನು ಪಟಪಟ ಹೇಳಿದ. ಅವೆಲ್ಲ ಸರಿಯಾಗೇ ಇದ್ದವು. ಆಮೇಲೆ ‘ನಿಮ್ಮೂರು ಮಾಯಕೊಂಡಕ್ಕೆ ಎಷ್ಟು ದೂರ?’ ಅಂತ ಕೇಳಿದ. ಹತ್ತಿರ ಅಂದೆ. ಕಣ್ಣು ಮುಚ್ಚಿ ತಲೆ ಆಡಿಸಿದ. ಹಿರೇ ಮದಕರಿ ನಾಯಕ 1748ರಲ್ಲಿ ಮಾಯಕೊಂಡದ ಯುದ್ಧದಲ್ಲಿ ಬಿದ್ದದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತಿರೋ ವಿಷಯ. ‘ಆ ಯುದ್ಧದಲ್ಲಿ ನಾಯಕರ ಪಕ್ಕದಲ್ಲಿದ್ದ ಸರದಾರರಲ್ಲಿ ಒಬ್ಬರು ನಿಮ್ಮ ಮೂಲಪುರುಷರು ಇರಬಹುದು, ದಾಖಲೆ ಹುಡುಕಬೇಕು’ ಅಂದ. ‘ಇರಬಹುದು’ ಅಂದ, ನೋಡಿ. ‘ಇದ್ದಾರೆ’ ಅನ್ನಲಿಲ್ಲ. ಕಳ್ಳ ಎಷ್ಟು ಹುಷಾರು ಅಲ್ವಾ?

ಒಟ್ಟು 25 ಸಾವಿರಕ್ಕೆ ಮಾತಾಯಿತು. 10 ಸಾವಿರ ಮುಂಗಡ. ಆಮೇಲೆ ಒಂದೊಂದೇ ಶುರುವಾಯಿತು. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಹೋಗಿ ತಾಳೆಗರಿ ನೋಡಬೇಕು, ಇಷ್ಟು ಹಾಕಿ. ವಿಧಾನಸೌಧದ ಪತ್ರಾಗಾರದಲ್ಲಿ ಫೈಲು ತೆಗೆಸಬೇಕು, ಇಷ್ಟು ಹಾಕಿ. ಚಿತ್ರದುರ್ಗದ ಹಳೇ ರೆಕಾರ್ಡ್ ರೂಮಿನಲ್ಲಿ ನಿಮ್ಮೂರಿನ ಕಡತ ಸಿಕ್ಕಿದೆ, ಅಲ್ಲಿಯವರಿಗೆ ಚಹಾ ಖರ್ಚು. ಎಲ್ಲವೂ ಫೋನ್‌ಪೇ. ಕೊನೆಗೆ 25 ಅಂದದ್ದು 40ರ ಹತ್ತಿರ ಹೋಯಿತು. ಹೋಟೆಲ್ ಬಿಲ್ಲೂ ಪ್ರತಿಸಲ ನಾನೇ ಕೊಟ್ಟದ್ದು, ಅದು ಈ ಲೆಕ್ಕದಲ್ಲಿಲ್ಲ.

ಇದಕ್ಕಿಂತ ಜಾಸ್ತಿ ಉರಿಯುವುದು ಇನ್ನೊಂದು. ‘ಸ್ಕ್ಯಾನ್ ಮಾಡಿ ವಾರದಲ್ಲಿ ಕೊಡುತ್ತೇನೆ’ ಅಂತ ಅಜ್ಜನ ಟ್ರಂಕಿನಲ್ಲಿದ್ದ ಮೂಲ ಕ್ರಯಪತ್ರ, ಕೈಬರಹದ ಪಹಣಿ, ಅಜ್ಜ ಅಜ್ಜಿ ಇಬ್ಬರೂ ಕೂತು ತೆಗೆಸಿಕೊಂಡ ಒಂದೇ ಒಂದು ಫೋಟೋ, ಎಲ್ಲಾ ತಗೊಂಡು ಹೋದ.

ಪರವಿನ ಹಿಂದಿನ ದಿನ ಪುಸ್ತಕಗಳ ಕಟ್ಟು ಬಂತು. ಚೆನ್ನಾಗೇ ಇತ್ತು, ಸುಳ್ಳು ಹೇಳಬಾರದು. ದಪ್ಪ ರಟ್ಟು, ಮೇಲೆ ದುರ್ಗದ ಕೋಟೆಯ ಚಿತ್ರ. ಎಂಟನೇ ಪುಟದಲ್ಲಿ ನಮ್ಮ ಮೂಲಪುರುಷನ ಕಥೆ. ಶಾಲಿವಾಹನ ಶಕ 1650, ಕ್ರೋಧಿ ಸಂವತ್ಸರದಲ್ಲಿ ಹಿರೇ ಮದಕರಿ ನಾಯಕರು ಹುಲಿಯನ್ನು ಒಂದೇ ಏಟಿಗೆ ಕೊಂದ ನಮ್ಮ ಹಿರಿಯನಿಗೆ ಬೆಳ್ಳಿ ಕಡಗ ತೊಡಿಸಿ, ಹನ್ನೆರಡು ಎಕರೆ ಗದ್ದೆಯನ್ನು ಉಂಬಳಿ ಬಿಟ್ಟರಂತೆ. ಜೊತೆಗೆ ‘ಮೂಲ ಕಡತದ ಹಾಳೆ’ ಅಂತ ಒಂದು ಕಂದು ಕಾಗದ, ಅದಕ್ಕೆ ಗಾಜಿನ ಚೌಕಟ್ಟು.

ಪರವಿನ ದಿನ ಊಟಕ್ಕೆ ಮುಂಚೆ ಎಲ್ಲರನ್ನೂ ಕೂರಿಸಿ ಆ ಪುಟವನ್ನು ನಾನೇ ಮೈಕಿನಲ್ಲಿ ಓದಿದೆ. ಹುಲಿ ಬಂದಾಗ ಮಕ್ಕಳು ಚಪ್ಪಾಳೆ ಹೊಡೆದರು. ಚಿಕ್ಕಪ್ಪ ಕಣ್ಣು ಒರೆಸಿಕೊಂಡರು. ಬೆಳ್ಳಿ ಕಡಗದ ಸಾಲಿಗೆ ಬಂದಾಗ ತಂಗಿಯ ಮಾವ, ಹೊಳಲ್ಕೆರೆ ತಾಲ್ಲೂಕಿನವರು, ಕೂತಲ್ಲಿಂದಲೇ ಮುಂದಿನ ಸಾಲು ಹೇಳಿದರು! ‘ಹನ್ನೆರಡು ಎಕರೆ ಗದ್ದೆಯನ್ನು ಉಂಬಳಿಯಾಗಿ...’ ಅಂತ. ನನಗೆ ಅರ್ಥವೇ ಆಗಲಿಲ್ಲ. ಅವರು ನಗುತ್ತಾ, ‘ಬೀಗರೇ, ಈ ಹುಲಿ ನಮ್ಮನೇಲೂ ಸತ್ತೈತೆ. ಹೋದ ವರ್ಷ ನಮ್ಮಣ್ಣನೂ ಬರೆಸಿದ್ದ, ಪುಸ್ತಕ ಮನೇಲೈತೆ’ ಅಂದರು.

ಮೈಕ್ ಆನ್ ಇತ್ತು. ಎಲ್ಲರಿಗೂ ಕೇಳಿಸಿತು. ಯಾರೋ ಹಿಂದಿನಿಂದ ‘ಒಂದೇ ಹುಲೀನ ಎಷ್ಟು ಜನ ಕೊಂದಿರಪ್ಪಾ’ ಅಂದರು. ನಗುವೋ ನಗು. ನಾನು ಮೈಕ್ ಹಿಡಿದುಕೊಂಡು ನಿಂತೇ ಇದ್ದೆ. ಆ ನಗು ಇವತ್ತಿಗೂ ನಿಂತಿಲ್ಲ, ಫ್ಯಾಮಿಲಿ ಗ್ರೂಪಿನಲ್ಲಿ ಈಗಲೂ ಯಾರದಾದರೂ ಹುಟ್ಟುಹಬ್ಬಕ್ಕೆ ಹುಲಿ ಸ್ಟಿಕ್ಕರ್ ಬರುತ್ತದೆ. ಬೀಗರು ಸಂಜೆಗೆ ಆ ಪುಸ್ತಕದ ಪುಟಗಳ ಫೋಟೋ ತರಿಸಿದರು. ಅದೇ ಎಂಟನೇ ಪುಟ. ಅದೇ ಶಕ, ಅದೇ ಕಡಗ, ಅದೇ ಹನ್ನೆರಡು ಎಕರೆ. ಮೂಲಪುರುಷನ ಹೆಸರು, ಊರಿನ ಹೆಸರು ಮಾತ್ರ ಬೇರೆ. ಒಂದು ಕಡೆ ಅವರ ಊರಿನ ಹೆಸರು ತೆಗೆಯೋದು ಮರೆತು ನಮ್ಮ ಪುಸ್ತಕದಲ್ಲೂ ಹಾಗೇ ಉಳಿದಿತ್ತು. ನಾವು ಅದನ್ನು ‘ಹಿಂದೆ ಅಲ್ಲಿಂದ ಬಂದಿರಬೇಕು’ ಅಂತ ಓದಿಕೊಂಡಿದ್ದೆವು.

ಅಷ್ಟರಲ್ಲಿ ಊರಿನ ಶಾನುಭೋಗರ ಮನೆಯ ಅಜ್ಜ ಆ ಗಾಜಿನ ಚೌಕಟ್ಟು ಕೈಗೆ ತಗೊಂಡರು. ‘ಇದು ಕಡತ ಅಂತ ಯಾವನು ಹೇಳಿದ? ನಮ್ಮನೇಲಿ ಇದ್ದವು ಕಣಪ್ಪಾ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕರ್‍ರಗೆ ಮಾಡೋರು. ಅದರ ಮೇಲೆ ಬಳಪದಲ್ಲಿ ಬಿಳಿ ಅಕ್ಷರ. ಇದು ಚಹಾದಲ್ಲಿ ಅದ್ದಿದ ಕಾಗದ’ ಅಂದರು. ಆಮೇಲೆ ಕನ್ನಡಕ ಹಾಕಿಕೊಂಡು ಓದಿದರು. ‘ಪಾಳೇಗಾರರ ಕಾಲದಲ್ಲಿ ಎಕರೆ ಎಲ್ಲಿತ್ತೋ? ಖಂಡುಗ, ಕೊಳಗ ಅಂತ ಬಿತ್ತೋ ಬೀಜದ ಅಳತೆ ಮೇಲೆ ಬೀಜವರಿ ಲೆಕ್ಕ ಆವಾಗ. ಎಕರೆ ಗುಂಟೆ ಬಂದಿದ್ದು ಬ್ರಿಟಿಷರ ಸರ್ವೆ ಆದಮೇಲೆ.’ ಬೆರಳು ಮಡಚಿ ಎಣಿಸಿ ಇನ್ನೊಂದನ್ನೂ ಹೇಳಿದರು. ಶಕ 1650ಕ್ಕೆ 78 ಸೇರಿಸಿದರೆ 1728. ಆ ವರ್ಷ ಕೀಲಕ ಸಂವತ್ಸರ, ಕ್ರೋಧಿ ಅಲ್ಲ. ಕ್ರೋಧಿ ಯಾವುದು ಗೊತ್ತೇ? 2024ರ ಯುಗಾದಿಯಿಂದ ಶುರುವಾದದ್ದು. ಆ ಕ್ಯಾಲೆಂಡರ್ ನಮ್ಮ ಗೋಡೆ ಮೇಲೇ ನೇತಾಡುತ್ತಿತ್ತು! ಬಡ್ಡೀಮಗ ಕ್ಯಾಲೆಂಡರ್ ನೋಡಿ ನಮ್ಮ ವಂಶ ಬರೆದಿದ್ದಾನೆ.

ಚಿತ್ರದುರ್ಗದ ರೆಕಾರ್ಡ್ ರೂಮಿನ ಸುಳ್ಳು ಆಮೇಲೆ ಹೊಳೆಯಿತು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು ಸರಿ. ಚನ್ನಗಿರಿ, ಹೊನ್ನಾಳಿ ಬಂದದ್ದು ಶಿವಮೊಗ್ಗದಿಂದ. ನಮ್ಮೂರಿನ ಹಳೇ ಜಿಲ್ಲಾ ಕಾಗದ ಚಿತ್ರದುರ್ಗದಲ್ಲಿ ಯಾಕೆ ಇರುತ್ತದೆ?

ಈಗ ಅವನ ಉತ್ತರಗಳನ್ನು ಕೇಳಿ. ಎಲ್ಲಾ ಮೆಸೇಜ್ ಇಟ್ಟುಕೊಂಡಿದ್ದೇನೆ.

ಎರಡು ಪುಸ್ತಕದ ಪುಟ ಕಳಿಸಿ ‘ಏನ್ರೀ ಇದು’ ಅಂತ ಕೇಳಿದೆ. ಉತ್ತರ: ‘ಸರ್, ಸಂತೋಷದ ವಿಷಯ. ಎರಡೂ ಮನೆತನದ ಮೂಲ ಒಂದೇ ಅಂತ ಸಾಬೀತಾಯಿತು.’

ಸಂತೋಷದ ವಿಷಯವಂತೆ! ಅವರು ನಮ್ಮ ಬೀಗರು ಕಣಯ್ಯಾ. ನನ್ನ ತಂಗಿಯನ್ನು ಕೊಟ್ಟ ಮನೆ ಅದು. ಬೆಡಗು, ಅಂದರೆ ಕುಲದ ಕವಲು, ಯಾವುದು ಅಂತ ಕೇಳಿ, ಬೇರೆ ಬೆಡಗು ಅಂತ ಖಾತ್ರಿಯಾದ ಮೇಲೇ ನಮ್ಮ ಹಿರಿಯರು ಹೆಣ್ಣು ಕೊಟ್ಟದ್ದು. ನಿನ್ನ ಪುಸ್ತಕದ ಪ್ರಕಾರ ತಂಗಿ, ಅವಳ ಗಂಡ ಇಬ್ಬರೂ ಅಣ್ಣತಂಗಿ ಆಗಬೇಕಲ್ಲ ಅಂತ ಬರೆದೆ. ಅದಕ್ಕೆ: ‘ಸರ್, ಇತಿಹಾಸದಲ್ಲಿ ಭಾವನೆಗೆ ಜಾಗವಿಲ್ಲ.’

ಇದನ್ನು ಓದಿ ಫೋನ್ ಎಸೆಯಬೇಕು ಅನ್ನಿಸಿತು. ಅಮ್ಮನಿಗೆ ಹೇಳಲೂ ಇಲ್ಲ, ಹೇಳಿದ್ದರೆ ರಾತ್ರಿಯೆಲ್ಲಾ ನಿದ್ದೆ ಮಾಡುತ್ತಿರಲಿಲ್ಲ.

ಸಂವತ್ಸರ ತಪ್ಪಿದೆ ಅಂದೆ. ‘ಡಿಟಿಪಿ ಮಾಡುವ ಹುಡುಗಿಯ ತಪ್ಪು.’ ಎಕರೆ ಹೇಗೆ ಬಂತು? ‘ಇಂದಿನ ಓದುಗರಿಗೆ ಅರ್ಥವಾಗಲಿ ಅಂತ.’ ಆದರೆ ಗಾಜಿನೊಳಗಿನ ‘ಮೂಲ’ ಹಾಳೆಯಲ್ಲೂ ಎಕರೆ ಅಂತಲೇ ಇದೆಯಲ್ಲ? ಎರಡು ನೀಲಿ ಗೀಟು ಬಿದ್ದವು, ಉತ್ತರ ಇಲ್ಲ. ಯಾವ ಪತ್ರಾಗಾರ, ಯಾವ ಫೈಲು, ನಂಬರ್ ಕೊಡಿ ಅಂದೆ. ‘ಅದು ನನ್ನ ಸಂಶೋಧನೆಯ ಗೌಪ್ಯ.’ ದುಡ್ಡು ವಾಪಸ್ ಕೊಡಿ ಅಂದೆ. ‘ಜ್ಞಾನಕ್ಕೆ ಬೆಲೆ ಕಟ್ಟಬೇಡಿ ಸರ್.’ ಬೆಲೆ ಕಟ್ಟಿ ಫೋನ್‌ಪೇ ನಂಬರ್ ಕಳಿಸಿದವನು ಅವನೇ!

ಕೊನೆಗೆ ದುಡ್ಡು ಹಾಳಾಗಲಿ, ಅಜ್ಜನ ಫೋಟೋ, ಕಾಗದ ವಾಪಸ್ ಕೊಡಿ ಅಂತ ಕೇಳಿಕೊಂಡೆ. ಹೌದು, ಕೇಳಿಕೊಂಡೆ. ಉತ್ತರ: ‘ಫೋಟೋ ಪುಸ್ತಕದ 3ನೇ ಪುಟದಲ್ಲಿ ಇದೆಯಲ್ಲ ಸರ್.’ ಆಮೇಲೆ ಬ್ಲಾಕ್.

ಕ್ರಯಪತ್ರದ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ, ಅರ್ಜಿ ಹಾಕಿದ್ದೇನೆ. ಫೋಟೋ ಯಾವ ಕಚೇರಿಯಲ್ಲಿ ಸಿಗುತ್ತದೆ? ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದೂ ಆಯಿತು, ಠಾಣೆಗೆ ಹೋಗಿದ್ದೂ ಆಯಿತು. ‘ಪುಸ್ತಕ ಕೊಟ್ಟಿದ್ದಾನಲ್ರೀ, ಇದರಲ್ಲಿ ಮೋಸ ಏನು? ಹುಲಿ ಕೊಂದಿಲ್ಲ ಅಂತ ನಿಮ್ಮ ಹತ್ತಿರ ಸಾಕ್ಷಿ ಇದೆಯಾ?’ ಅಂತ ಕೇಳಿ ಕಳಿಸಿದರು.

ಇನ್ನು ಮನೆತನದ ಹಿಂದುಮುಂದು ನಿಜವಾಗಿ ತಿಳಿಯಬೇಕು ಅನ್ನುವವರಿಗೆ ನಾಲ್ಕು ಮಾತು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸರ್ವೆ ನಂಬರ್ ಕೊಟ್ಟು ಹಳೇ ಪಹಣಿ, ಮ್ಯುಟೇಶನ್, ಇಂಡೆಕ್ಸ್ ಆಫ್ ಲ್ಯಾಂಡ್ಸ್ ನಕಲು ತೆಗೆಸಿ. ಅಪ್ಪ, ಅಜ್ಜ, ಮುತ್ತಜ್ಜರ ಹೆಸರು ಅಲ್ಲೇ ಸಾಲಾಗಿ ಬರುತ್ತವೆ, ಹುಲಿ ಇರಲ್ಲ ಅಷ್ಟೇ. ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆ ಇದ್ದ ಮನೆಯಾದರೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಲ್ಲಿ ಜಮೀನು ಮರುಮಂಜೂರಾದ ಫೈಲು ಕೇಳಿ. ಊರಲ್ಲಿ ಶಾಸನ ಇದೆ ಅಂತ ಯಾರಾದರೂ ಹೇಳಿದರೆ ತಾಲ್ಲೂಕಿನ ಹೆಸರು, ಶಾಸನದ ನಂಬರ್ ಕೇಳಿ. ರೈಸ್ ಸಾಹೇಬರು ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಚಿತ್ರದುರ್ಗ ಜಿಲ್ಲೆಯದು 11ನೇ ಸಂಪುಟ, ಚನ್ನಗಿರಿ ಹೊನ್ನಾಳಿಯವು ಶಿವಮೊಗ್ಗದ ಜೊತೆ 7ನೇ ಸಂಪುಟದಲ್ಲಿವೆ. ನಂಬರ್ ಹೇಳಲು ತಡವರಿಸಿದರೆ ಎದ್ದು ಬನ್ನಿ. ‘ಈ ಪುಸ್ತಕ ಕೋರ್ಟಿನಲ್ಲೂ ನಡೆಯುತ್ತೆ’ ಅಂತಲೂ ಅವನು ಹೇಳುತ್ತಾನೆ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋ ಪೌತಿ ಖಾತೆಗೆ ಬೇಕಾದ ವಂಶವೃಕ್ಷವೇ ಬೇರೆ. ನಾಡಕಚೇರಿಯಲ್ಲಿ ಅಫಿಡವಿಟ್ ಕೊಟ್ಟು ಅರ್ಜಿ ಹಾಕಿ ಪಡೆಯಬೇಕು.

ಹೆಳವರು ಬಂದರೆ ಬಾಗಿಲು ಹಾಕಬೇಡಿ. ನಮ್ಮ ಮನೆಗೆ ಬರುತ್ತಿದ್ದವರು ಹೇಳಿದ್ದರಂತೆ, ಧಾತು ಈಶ್ವರ ಬರದಲ್ಲಿ ಒಂದು ಜೊತೆ ಎತ್ತು ಹೊಡೆದುಕೊಂಡು ಬಂದು ಈ ಊರಿನಲ್ಲಿ ನಿಂತವರು ನೀವು ಅಂತ. 1876-78ರ ಬರ ಅದು. ಚಿಕ್ಕಪ್ಪನಿಗೆ ಇದು ಮೊದಲಿಂದ ಗೊತ್ತಿತ್ತು. ಪುಸ್ತಕ ಓದುವಾಗ ಯಾಕೆ ಹೇಳಲಿಲ್ಲ ಅಂದರೆ, ‘ಬರಗಾಲದಲ್ಲಿ ಬಂದವರು ಅನ್ನೋದಕ್ಕಿಂತ ಹುಲಿ ಚೆನ್ನಾಗಿತ್ತಲ್ಲೋ’ ಅಂದರು.

ಅವನು ಈಗ ಹೊಸ ನಂಬರಿನಲ್ಲಿ ಹೊಸದುರ್ಗ, ಹಿರಿಯೂರು ಕಡೆ ಇದ್ದಾನೆ ಅಂತ ಸುದ್ದಿ. ನಿಮ್ಮ ಮನೆಯಲ್ಲೂ ಇಂಥ ಪುಸ್ತಕ ಇದ್ದರೆ ಎಂಟನೇ ಪುಟ ತೆಗೆದು ನೋಡಿ. ಕ್ರೋಧಿ ಸಂವತ್ಸರ, ಬೆಳ್ಳಿ ಕಡಗ, ಹನ್ನೆರಡು ಎಕರೆ ಇದ್ದರೆ ಫೋಟೋ ತೆಗೆದು ನನಗೆ ಕಳಿಸಿ. ನಾಚಿಕೆ ಪಡಬೇಡಿ, ನಾನು ಮೈಕಿನಲ್ಲಿ ಓದಿದವನು. ನಾಲ್ಕೈದು ಮನೆಯವರು ಸೇರಿದರೆ ಒಟ್ಟಿಗೆ ಹೋಗಿ ದೂರು ಬರೆಸೋಣ. ಒಬ್ಬನೇ ಹೋದರೆ ಠಾಣೆಯಲ್ಲಿ ಕೂರು ಅಂತಲೂ ಅನ್ನಲ್ಲ.