ಯುಎಸ್‌ಪಿ7 ಆಂಟಿಬಾಡಿ: ವೆಸ್ಟರ್ನ್‌ಗೆ ಸೈ, ಮೈಕ್ರೋಸ್ಕೋಪ್‌ಗೆ ಬೇಡ

ವೆಸ್ಟರ್ನ್ ಬ್ಲಾಟ್‌ಗೆ (ಪ್ರೋಟೀನುಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರೆ ಮಾಡಿ, ಪೊರೆಗೆ ಸಾಗಿಸಿ, ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಮಾತ್ರ ಬೇಕಿದ್ದರೆ, ಯುಎಸ್‌ಪಿ7 ಎಂಬ ಪ್ರೋಟೀನನ್ನು ಹಿಡಿಯುವ ಈ ಮೊಲದ ಪಾಲಿಕ್ಲೋನಲ್ (ಹಲವು ಆಂಟಿಬಾಡಿಗಳ ಮಿಶ್ರಣ) ಆಂಟಿಬಾಡಿಯನ್ನು ಧೈರ್ಯವಾಗಿ ತಗೊಳ್ಳಿ. ಕಂಪನಿ ಹೆಸರು ಇಲ್ಲಿ ಹೇಳಲ್ಲ, ಬೈಯೋದೂ ಸ್ವಲ್ಪ ಇದೆ.

ಯುಎಸ್‌ಪಿ7 ಹೊಸದು ಅನ್ನುವವರಿಗೆ: ಜೀವಕೋಶ ತನಗೆ ಬೇಡವಾದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಗುರುತು ಅಂಟಿಸಿ, ಪ್ರೋಟೀನ್ ಒಡೆಯುವ ಪ್ರೋಟಿಯಾಸೋಮ್‌ಗೆ ಸಾಗಹಾಕುತ್ತದೆ. ಈ ಕಿಣ್ವ ಆ ಯುಬಿಕ್ವಿಟಿನ್ ಕಿತ್ತುಹಾಕಿ ಪ್ರೋಟೀನನ್ನು ಉಳಿಸುತ್ತದೆ. ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನನ್ನೂ ಉಳಿಸುತ್ತದೆ, ಪಿ53ಯನ್ನು ಮುಗಿಸುವ ಎಂಡಿಎಂ2 ಅನ್ನೂ ಉಳಿಸುತ್ತದೆ. ಕ್ಯಾನ್ಸರ್ ಲ್ಯಾಬುಗಳಿಗೆ ಇದರ ಮೇಲೆ ಕಣ್ಣು ಬಿದ್ದಿರುವುದು ಸುಮ್ನೆ ಅಲ್ಲ.

1102 ಅಮೈನೋ ಆಮ್ಲಗಳು, ಲೆಕ್ಕದ ತೂಕ ಸುಮಾರು 128 ಕಿಲೋಡಾಲ್ಟನ್. ಜೆಲ್‌ನಲ್ಲಿ ಬ್ಯಾಂಡ್ 130ರ ಸ್ವಲ್ಪ ಮೇಲೆ ಬರುತ್ತದೆ, ದಪ್ಪಗೆ, ಗೊಂದಲವಿಲ್ಲದೆ. ಎಚ್‌ಸಿಟಿ116 (ಕರುಳಿನ ಕ್ಯಾನ್ಸರ್ ಕೋಶಗಳು) ನಾಕೌಟ್ ಲೇನ್‌ನಲ್ಲಿ, ಅಂದರೆ ಯುಎಸ್‌ಪಿ7 ಜೀನನ್ನೇ ತೆಗೆದುಹಾಕಿದ ಕೋಶಗಳ ಸಾಲಿನಲ್ಲಿ, ಅದು ಪೂರ್ತಿ ಮಾಯ, ನನಗೆ ನಂಬಿಕೆ ಬಂದಿದ್ದು ಅಲ್ಲೇ. 70ರ ಹತ್ತಿರ ಒಂದು ಮಸುಕು ಬ್ಯಾಂಡ್ ನಾಕೌಟ್‌ನಲ್ಲೂ ಹಾಗೇ ಉಳಿಯುತ್ತದೆ, ಅದು ಯುಎಸ್‌ಪಿ7ರ ತುಂಡು ಅಂತ ಯಾರಾದರೂ ಕಥೆ ಕಟ್ಟಿದರೆ ಕೇಳಬೇಡಿ. ಎಷ್ಟು ತೆಳುಮಾಡಬೇಕು ಅಂದರೆ ಡೇಟಾಶೀಟ್ 1:1000 ಅನ್ನುತ್ತದೆ, ಹಾಲಿನ ಪುಡಿ ಬದಲು ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಬಳಸಿದರೆ 1:2000 ಸಾಕು. ದೊಡ್ಡ ಪ್ರೋಟೀನ್ ಅಲ್ವಾ, ಅವಸರದ ಸೆಮಿ-ಡ್ರೈ ಟ್ರಾನ್ಸ್‌ಫರ್ ಬೇಡ, ಕೋಲ್ಡ್ ರೂಮಿನಲ್ಲಿ ರಾತ್ರಿಯಿಡೀ ವೆಟ್ ಟ್ರಾನ್ಸ್‌ಫರ್‌ಗೆ ಇಡಿ.

ಇನ್ನು ಇಮ್ಯುನೋಫ್ಲೋರೆಸೆನ್ಸ್, ಅಂದರೆ ಹೊಳೆಯುವ ಬಣ್ಣದ ಆಂಟಿಬಾಡಿಯಿಂದ ಪ್ರೋಟೀನ್ ಕೋಶದಲ್ಲಿ ಎಲ್ಲಿದೆ ಅಂತ ಮೈಕ್ರೋಸ್ಕೋಪ್‌ನಲ್ಲಿ ನೋಡುವುದು. ಡೇಟಾಶೀಟ್‌ನಲ್ಲಿ ನ್ಯೂಕ್ಲಿಯಸ್ ಹೊಳೆಯುವ ಚಂದದ ಚಿತ್ರ ಹಾಕಿದ್ದಾರೆ, ಯುಎಸ್‌ಪಿ7 ಹೆಚ್ಚಾಗಿ ಇರುವುದೂ ನ್ಯೂಕ್ಲಿಯಸ್‌ನಲ್ಲೇ, ನೋಡಿದವರು ತಲೆಯಾಡಿಸಿಬಿಡುತ್ತಾರೆ. ಆದರೆ ನಮ್ಮ ನಾಕೌಟ್ ಕೋಶಗಳ ನ್ಯೂಕ್ಲಿಯಸ್ಸೂ ಅಷ್ಟೇ ಹೊಳೆಯಿತು! ಅಂದಮೇಲೆ ಅದು ಹಿಡಿಯುತ್ತಿರುವುದು ಬೇರೆ ಏನನ್ನೋ. ನಾಕೌಟ್ ಕಂಟ್ರೋಲ್ ಇಲ್ಲದ ಚಿತ್ರ ತೋರಿಸಿ ಈ ಬಳಕೆಗೂ ಆಗುತ್ತದೆ ಅಂತ ಬರೆಯುವುದು ಸರಿಯಲ್ಲ.

ಇದನ್ನು ತಯಾರಿಸಲು ಪ್ರೋಟೀನಿನ ಯಾವ ಭಾಗ ಬಳಸಿದ್ದೀರಿ ಅಂತ ಕಂಪನಿಯನ್ನು ಕೇಳಿದರೆ ವ್ಯಾಪಾರದ ಗುಟ್ಟು ಅಂತ ಉತ್ತರ ಬಂತು. ಯುಎಸ್‌ಪಿ7ನ ಹತ್ತಿರದ ನೆಂಟ ಯುಎಸ್‌ಪಿ47 ಎಂಬ ಪ್ರೋಟೀನನ್ನೂ ಆಂಟಿಬಾಡಿ ಹಿಡಿಯಬಹುದಾದಾಗ ಆ ಭಾಗ ಯಾವುದು ಅಂತ ಗೊತ್ತಾಗಲೇಬೇಕಲ್ಲವೇ? ಬೆಂಗಳೂರಿನ ಡೀಲರ್ ಮೂಲಕ ತರಿಸಿದ್ದು, ತಡವಾಯಿತು, ಐಸ್ ಪ್ಯಾಕ್ ಕರಗಿತ್ತು, ಪುಣ್ಯಕ್ಕೆ ಆಂಟಿಬಾಡಿ ಕೆಟ್ಟಿರಲಿಲ್ಲ.

ಪಾಲಿಕ್ಲೋನಲ್ ಆದ್ದರಿಂದ ಮೊಲ ಬದಲಾದರೆ ಗುಣವೂ ಬದಲಾಗಬಹುದು. 20 ಮೈಕ್ರೋಲೀಟರ್‌ನ ಚಿಕ್ಕ ವಯಲ್ ಸಿಗುತ್ತದೆ, ಮೊದಲು ಅದನ್ನೇ ತರಿಸಿ. ಹಿಡಿಸಿದರೆ ದೊಡ್ಡದಕ್ಕೆ ಆರ್ಡರ್ ಹಾಕುವಾಗ ಅದೇ ಲಾಟ್ (ತಯಾರಿಕೆಯ ಕಂತು) ನಂಬರ್ ಬೇಕು ಅಂತ ಬರೆದೇ ಕೊಡಿ.