ಹೊಕ್ಕುಳಬಳ್ಳಿ ರಕ್ತದ ಬ್ಯಾಂಕ್: ದುಡ್ಡು ಕಟ್ಟಿದ ಮೇಲೆ ಗೊತ್ತಾಗಿದ್ದು (5ಕ್ಕೆ 2 ಸ್ಟಾರ್)

ಕಂಪನಿ ಹೆಸರು ಹಾಕುತ್ತಿಲ್ಲ. ಅವರ ಹೆಸರು ಕೆಡಿಸಬೇಕು ಅಂತ ಬರೆಯುತ್ತಿಲ್ಲ. ನನ್ನ ಹಾಗೆ ಏಳನೇ ತಿಂಗಳಲ್ಲಿ ದಾವಣಗೆರೆಯ ಯಾವುದೋ ಸ್ಕ್ಯಾನಿಂಗ್ ಸೆಂಟರಿನಲ್ಲಿ ಟೋಕನ್ ಹಿಡಿದು ಕೂತಿರುವ ಹೆಣ್ಣುಮಕ್ಕಳಿಗೆ ವಿಷಯ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಸೇವೆ ಇಷ್ಟು. ಹೆರಿಗೆ ಆದ ಕೂಡಲೇ ಹೊಕ್ಕುಳಬಳ್ಳಿಯಲ್ಲಿ ಉಳಿಯುವ ರಕ್ತವನ್ನು ಒಂದು ಚೀಲದಲ್ಲಿ ಹಿಡಿದು, ಚೆನ್ನೈನ ಲ್ಯಾಬಿಗೆ ಕಳಿಸಿ, ಅದರಲ್ಲಿರುವ, ಹೊಸ ಜೀವಕೋಶಗಳನ್ನು ಹುಟ್ಟಿಸಬಲ್ಲ ಸ್ಟೆಮ್ ಸೆಲ್‌ಗಳನ್ನು ಬೇರೆ ಮಾಡಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಇಡುತ್ತಾರೆ. ನಮಗೆ ಹೇಳಿದ ರೇಟು 58,000 ರೂಪಾಯಿ. ಮೊದಲು 15,000, ಉಳಿದದ್ದು ಕಂತಿನಲ್ಲಿ.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಬ್ಬ ಹುಡುಗ ಬಂದು ನಂಬರ್ ತಗೊಂಡ. ಎರಡೇ ದಿನಕ್ಕೆ ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದ. ಒಳ್ಳೆಯ ಹುಡುಗ, ಮರ್ಯಾದೆಯಿಂದ ಮಾತಾಡಿದ. ಟ್ಯಾಬಿನಲ್ಲಿ ವಿಡಿಯೋ ತೋರಿಸಿದ, ಇದರಿಂದ ಚಿಕಿತ್ಸೆ ಆಗುತ್ತೆ ಅಂತ 80 ಕಾಯಿಲೆಗಳ ಪಟ್ಟಿ ತೋರಿಸಿದ. ಆಮೇಲೆ ಹೇಳಿದ: "ಮುಂದೆ ಇದೇ ಸೆಲ್‌ನಿಂದ ಕಿಡ್ನಿ, ಲಿವರ್ ಎಲ್ಲಾ ಬೆಳೆಸ್ತಾರೆ ಮೇಡಂ. ಕ್ಲೋನಿಂಗ್ ಮಾಡಿ, ಅಂದ್ರೆ ಇನ್ನೊಂದು ಕುರಿಯ ನಕಲು ತೆಗೆದು ಹುಟ್ಟಿಸಿದ ಡಾಲಿ ಕುರಿ ಗೊತ್ತಲ್ವಾ? ಮನುಷ್ಯರ ಕ್ಲೋನಿಂಗೂ ಇನ್ನೇನು ಬಂದೇ ಬಿಡುತ್ತೆ. ಆವಾಗ ಸೆಲ್ ಇಟ್ಟಿರೋರಿಗೆ ಮಾತ್ರ ಅನುಕೂಲ."

ಬಾಗಿಲ ಹತ್ತಿರ ನಮ್ಮ ಅಕ್ಕ ಕೂತಿದ್ದಳು. ಮೂರು ವರ್ಷದ ಹಿಂದೆ ಡೆಂಗಿಯಿಂದ ಅವಳ ಮಗ ಹೋದ. ಆರು ವರ್ಷದವನು. ಆ ಮಾತು ಕೇಳಿದವಳೇ ಎದ್ದು ಒಳಗೆ ಹೋದಳು. ಹಳೇ ಕುಂಕುಮದ ಭರಣಿ ತಂದು ಮುಚ್ಚಳ ತಿರುಗಿಸಿದಳು. ಹತ್ತಿಯಲ್ಲಿ ಸುತ್ತಿಟ್ಟ ಒಂದು ಹಾಲುಹಲ್ಲು. ಬೇರಿನ ಕಡೆ ಸ್ವಲ್ಪ ಕಂದು ಬಣ್ಣ ಬಂದಿತ್ತು. "ಏನಪ್ಪಾ, ಇದರಿಂದ ಆಗುತ್ತಾ?" ಅಂದಳು.

ಆ ಹುಡುಗ "ಆಗಲ್ಲ ಅಕ್ಕಾ" ಅನ್ನಬೇಕಿತ್ತು. "ಸೈನ್ಸ್ ತುಂಬಾ ಮುಂದುವರಿದಿದೆ, ಹೇಳಕ್ಕಾಗಲ್ಲ" ಅಂದ. ಈ ಒಂದು ಮಾತಿಗೆ ನಾನು ಒಂದು ಸ್ಟಾರ್ ಕಿತ್ತಿದ್ದೇನೆ. ಅಕ್ಕ ಆವತ್ತು ರಾತ್ರಿ ಊಟ ಮಾಡಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಅಕ್ಕನಿಗೆ ಉತ್ತರ ನಾನೇ ಹೇಳಬೇಕಾಯಿತು, ಅದೂ ಒಂದು ದಿನದಲ್ಲಿ ಮುಗಿಯಲಿಲ್ಲ. ಅಪ್ಪನ ತೋಟದ ಜಿ-9 ಬಾಳೆಯಿಂದ ಶುರು ಮಾಡಿದೆ. ಟಿಶ್ಯೂ ಕಲ್ಚರ್ ಸಸಿ ಎಲ್ಲಾ ಒಂದೇ ತಾಯಿಯ ನಕಲು, ಅದಕ್ಕೇ ಎಲ್ಲವೂ ಹೆಚ್ಚುಕಮ್ಮಿ ಒಟ್ಟಿಗೇ ಗೊನೆ ಹಾಕುತ್ತವೆ. ಆದರೂ ಕಾಲುವೆ ಪಕ್ಕದ ಗಿಡದ ಗೊನೆ ಬೇರೆ, ಬದುವಿನ ಮೇಲಿನ ಗಿಡದ ಗೊನೆ ಬೇರೆ, ಅಲ್ವಾ? ಮಗುವಿನ ನಕಲು ಅಂದರೂ ಹಾಗೇ. ಅದು ತಡವಾಗಿ ಹುಟ್ಟಿದ ಅವಳಿ ಇದ್ದ ಹಾಗೆ. ಒಂಬತ್ತು ತಿಂಗಳು ಯಾರೋ ಹೊರಬೇಕು, ಹಸುಗೂಸಾಗಿ ಹುಟ್ಟಬೇಕು, ಅದಕ್ಕೆ ಅಕ್ಕನ ಮುಖವೇ ಗೊತ್ತಿರುವುದಿಲ್ಲ. ಅವನು ಕಲಿತ ಮಗ್ಗಿ, ಅವನ ಹಟ, ಮಂಡಕ್ಕಿ ಮೇಲೆ ಅವನಿಗಿದ್ದ ಆಸೆ ಯಾವುದೂ ಸೆಲ್‌ನಲ್ಲಿ ಇರಲ್ಲ.

ಅದಿರಲಿ, ಮಾಡುವುದಾದರೂ ಹೇಗೆ? ಒಂದು ಅಂಡಾಣು ತಗೊಂಡು ಅದರ ಕೇಂದ್ರ ತೆಗೆದು, ಆ ಜಾಗಕ್ಕೆ ಮೈಯ ಒಂದು ಜೀವಕೋಶದ ಕೇಂದ್ರ ಕೂರಿಸಿ, ಭ್ರೂಣವಾಗಿ ಬೆಳೆಸಿ ಗರ್ಭಕ್ಕೆ ಬಿಡಬೇಕು. 1996ರಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ 277 ಸಲ ಹೀಗೆ ಪ್ರಯತ್ನಪಟ್ಟ ಮೇಲೆ ಹುಟ್ಟಿದ್ದು ಡಾಲಿ ಒಂದೇ. ನಮ್ಮ ದೇಶದ ಕರ್ನಾಲಿನಲ್ಲಿ 2009ರಲ್ಲಿ ಕ್ಲೋನ್ ಮಾಡಿದ ಮೊದಲ ಎಮ್ಮೆ ಕರು ಕೆಲವೇ ದಿನ ಬದುಕಿತು. ಚೀನಾದವರು 2018ರಲ್ಲಿ ಎರಡು ಮಂಗ ತೋರಿಸಿದರು, ಅವಕ್ಕೂ ಎಷ್ಟೋ ಬಾಡಿಗೆ ತಾಯಂದಿರು ಬೇಕಾದವು. ಕಳೆದುಹೋದ ಗರ್ಭ, ಊನವಾಗಿ ಹುಟ್ಟಿದ ಮರಿ, ಹುಟ್ಟಿ ಸತ್ತ ಕರು, ಇವನ್ನೆಲ್ಲ ಹೆಣ್ಣುಮಕ್ಕಳ ಹೊಟ್ಟೆಯ ಲೆಕ್ಕದಲ್ಲಿ ಯೋಚನೆ ಮಾಡಿ. ನಾನು ಬಸುರಿಯಾಗಿ ಇದನ್ನು ಓದುವಾಗ ಕೈ ತಣ್ಣಗಾಯಿತು. 2002ರಲ್ಲಿ ಒಂದು ಗುಂಪು ಮಗುವನ್ನೇ ಕ್ಲೋನ್ ಮಾಡಿದ್ದೇವೆ ಅಂತ ಹೇಳಿಕೊಂಡಿತು, ಸಾಕ್ಷಿ ಕೊಡಲೇ ಇಲ್ಲ. ನಮ್ಮಲ್ಲಿ ಮಗು ಹುಟ್ಟಿಸುವ ಕ್ಲೋನಿಂಗ್‌ಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯಲ್ಲೇ ನಿಷೇಧ ಇದೆ.

ಹಾಗಂತ ಈ ವಿದ್ಯೆಯೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಭ್ರೂಣವನ್ನು ಗರ್ಭಕ್ಕೆ ಬಿಡದೆ ಲ್ಯಾಬಿನಲ್ಲೇ ಅದರಿಂದ ರೋಗಿಯ ಮೈಗೆ ಹೊಂದುವ ಜೀವಕೋಶ ಬೆಳೆಸುವ ದಾರಿ ಇನ್ನೊಂದಿದೆ. 2013ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಮಿತಾಲಿಪೊವ್ ಅವರ ತಂಡ ಮನುಷ್ಯರ ಜೀವಕೋಶದಲ್ಲಿ ಇದನ್ನು ಮಾಡಿ ತೋರಿಸಿತು. ಇನ್ಸುಲಿನ್ ಮಾಡುವ ಕೋಶ, ಕಣ್ಣಿನ ಪರದೆಯ ಕೋಶ ಹೀಗೆ ಸಿಕ್ಕರೆ ಎಷ್ಟು ಮನೆಗಳು ಉಳಿಯುತ್ತವೆ! ಕಷ್ಟ ಏನೆಂದರೆ ಇದಕ್ಕೆ ಅಂಡಾಣು ಬೇಕು. ಅದು ಹೆಂಗಸರಿಂದಲೇ ಬರಬೇಕು, ಹಾರ್ಮೋನ್ ಇಂಜೆಕ್ಷನ್ ಚುಚ್ಚಿಸಿಕೊಂಡು. ಕೊರಿಯಾದಲ್ಲಿ ಹ್ವಾಂಗ್ ವೂ-ಸುಕ್ ಎಂಬ ವಿಜ್ಞಾನಿ 2000ಕ್ಕೂ ಜಾಸ್ತಿ ಅಂಡಾಣು ಬಳಸಿದರು, ತಮ್ಮ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿಯರಿಂದಲೂ ತಗೊಂಡಿದ್ದರು, ಕೊನೆಗೆ ಆ ಸಂಶೋಧನೆಯೇ ಸುಳ್ಳು ಅಂತ ಗೊತ್ತಾಯಿತು. ಜಪಾನಿನ ಯಮನಾಕಾ ಅವರು 2006ರಲ್ಲಿ ಇಲಿಯ ಮಾಮೂಲಿ ಕೋಶವನ್ನೇ ಸ್ಟೆಮ್ ಸೆಲ್ ಥರ ಬದಲಾಯಿಸಿದರು, ಮರುವರ್ಷ ಮನುಷ್ಯರ ಚರ್ಮದ ಕೋಶದಲ್ಲೂ ಮಾಡಿದರು. ಅದಕ್ಕೆ ಅಂಡಾಣು ಬೇಡ. ಹೊಕ್ಕುಳಬಳ್ಳಿಯೂ ಬೇಡ! ಅಂದರೆ ಮುಂದೆ ಅಂಗ ಬೆಳೆಸುವ ಕಾಲ ಬಂದರೂ ಅವತ್ತಿನ ಚರ್ಮ, ಅವತ್ತಿನ ರಕ್ತ ಸಾಕಾಗಬಹುದು. ಈ ಮಾತನ್ನು ಆ ಹುಡುಗ ಹೇಳಲೇ ಇಲ್ಲ.

ಇಷ್ಟೆಲ್ಲಾ ಓದಿದ್ದು ಸಹಿ ಹಾಕಿದ ಮೇಲೆ, ಅದೇ ಬೇಜಾರು. ಆವತ್ತು ಅತ್ತೆ "ಮಗುವಿಗೆ ತಾನೆ, ಇರಲಿ" ಅಂದರು, ನಮ್ಮ ಯಜಮಾನರು 15,000 ಕಟ್ಟಿಬಿಟ್ಟರು. ಹೊಕ್ಕುಳಬಳ್ಳಿಯ ಚೂರನ್ನೂ ಇಡುತ್ತೇವೆ, ಅದಕ್ಕೆ ಬೇರೆ ದುಡ್ಡು ಅಂದರು. ಅದೊಂದು ಬೇಡ ಅಂದೆ, ಪುಣ್ಯ. ಐಸಿಎಂಆರ್ 2017ರ ಮಾರ್ಗಸೂಚಿ ಪ್ರಕಾರ ಹೊಕ್ಕುಳಬಳ್ಳಿಯ ರಕ್ತ ಬಿಟ್ಟು ಬೇರೆ ಯಾವುದನ್ನೂ ಹೀಗೆ ವ್ಯಾಪಾರಕ್ಕೆ ಶೇಖರಿಸುವ ಹಾಗಿಲ್ಲ.

ಕಿಟ್ ಚೆನ್ನಾಗಿತ್ತು. ಥರ್ಮಾಕೋಲ್ ಡಬ್ಬಿ, ರಕ್ತದ ಚೀಲ, ನನ್ನ ರಕ್ತಕ್ಕೆ ಟ್ಯೂಬು, ಜೆಲ್ ಪ್ಯಾಕು, ಫಾರಂ, ಎಲ್ಲಾ ಅಚ್ಚುಕಟ್ಟು. ಹೆರಿಗೆ ಆಗಿದ್ದು ಶನಿವಾರ ರಾತ್ರಿ 11ಕ್ಕೆ. ಮಗು ಹುಟ್ಟಿದ ತಕ್ಷಣ ಬಳ್ಳಿ ಕತ್ತರಿಸದೆ ಕನಿಷ್ಠ 1 ನಿಮಿಷ ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ರಕ್ತ ಮಗುವಿಗೇ ಹೋಗುತ್ತದೆ, ಮುಂದೆ ಕಬ್ಬಿಣಾಂಶ ಕಡಿಮೆ ಆಗುವುದನ್ನು ತಪ್ಪಿಸುತ್ತದೆ. ನಮ್ಮ ಡಾಕ್ಟರಮ್ಮ ಹಾಗೇ ಮಾಡಿದರು. ಬಳ್ಳಿ ಮಿಡಿಯುವುದು ನಿಲ್ಲುವವರೆಗೂ ಮಗುವನ್ನು ನನ್ನ ಹೊಟ್ಟೆಯ ಮೇಲೇ ಮಲಗಿಸಿದ್ದರು. ಬಿಸಿ ಬಿಸಿ, ಒದ್ದೆ ಒದ್ದೆ. ಆಮೇಲೆ ಚೀಲಕ್ಕೆ ಬಂದಿದ್ದು 34 ಮಿಲಿ ಮಾತ್ರ. ಚೀಲ ತಗೊಂಡು ಹೋಗುವವರು ಬಂದಿದ್ದು ಭಾನುವಾರ ಸಂಜೆ. ಅಷ್ಟೊತ್ತೂ ಡಬ್ಬಿ ವಾರ್ಡಿನ ಕಿಟಕಿ ಹತ್ತಿರ ಇತ್ತು. ಯಜಮಾನರು ಆರು ಸಲ ಫೋನ್ ಮಾಡಿದರು.

ಹತ್ತು ದಿನಕ್ಕೆ ರಿಪೋರ್ಟ್ ಬಂತು. ಕೋಶಗಳ ಸಂಖ್ಯೆ ಕಡಿಮೆ ಇದೆ, ಆದರೂ ಇಡಬೇಕಾದರೆ ಒಪ್ಪಿಗೆ ಕೊಡಿ ಅಂತ. ಫೋನಿನಲ್ಲಿ ಒಬ್ಬರು ಮೇಡಂ ಸಿಕ್ಕರು, ಅವರಿಗೆ ನಿಜವಾಗಿ ಥ್ಯಾಂಕ್ಸ್ ಹೇಳಬೇಕು. ಕೇಳಿದ್ದಕ್ಕೆಲ್ಲಾ ನೇರ ಉತ್ತರ ಕೊಟ್ಟರು. ಈ ಸೆಲ್ ರಕ್ತ ಮಾಡುವ ಸೆಲ್, ಕಿಡ್ನಿ ಮಾಡುವುದಲ್ಲ. ಮಗುವಿಗೆ ಥಲಸ್ಸೇಮಿಯಾದಂಥ ಹುಟ್ಟುಕಾಯಿಲೆ ಇದ್ದರೆ ಅದೇ ದೋಷ ಈ ಸೆಲ್‌ನಲ್ಲೂ ಇರುತ್ತದೆ, ಅದೇ ಮಗುವಿಗೆ ವಾಪಸ್ ಹಾಕಿ ಪ್ರಯೋಜನ ಇಲ್ಲ. ಇಷ್ಟು ಸ್ವಲ್ಪ ಸೆಲ್ ದೊಡ್ಡವರಿಗಂತೂ ಸಾಲದು. ಕ್ಲೋನಿಂಗ್ ಬಗ್ಗೆ ಕೇಳಿದಾಗ "ಅದಕ್ಕೂ ನಮಗೂ ಸಂಬಂಧ ಇಲ್ಲ ಮೇಡಂ, ಯಾರು ಹೇಳಿದ್ದು?" ಅಂದರು. ಕೊಟ್ಟ ಎರಡು ಸ್ಟಾರಿನಲ್ಲಿ ಒಂದು ಉಳಿದಿದ್ದು ಈ ಮೇಡಂ ಇಂದ.

ಹಾಗಾದರೆ ಯಾರಿಗೆ ಬೇಕು? ಮನೆಯಲ್ಲಿ ಈಗಾಗಲೇ ಒಂದು ಮಗುವಿಗೆ ಥಲಸ್ಸೇಮಿಯಾ ಅಥವಾ ರಕ್ತದ ಬೇರೆ ಗಂಭೀರ ಕಾಯಿಲೆ ಇದ್ದು, ಹೊಟ್ಟೆಯಲ್ಲಿ ಇನ್ನೊಂದು ಇದ್ದರೆ, ಖಂಡಿತ ರಕ್ತದ ಕಾಯಿಲೆಯ ಡಾಕ್ಟರ್ ಹತ್ತಿರ ಕೇಳಿ. 1988ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಸಲ ಹೀಗೆ ಮಾಡಿದಾಗಲೂ ತಂಗಿಯ ಹೊಕ್ಕುಳಬಳ್ಳಿಯ ರಕ್ತ ಅಣ್ಣನಿಗೆ ಹೋಗಿದ್ದು. ಅಂಥ ಮನೆಯವರು ಸಾಲ ಮಾಡಿಯಾದರೂ ಇಡಲಿ. ಆರೋಗ್ಯವಾಗಿರುವ ಮನೆಯಲ್ಲಿ ಸುಮ್ನೆ ಮುಂದೆ ಬೇಕಾಗಬಹುದು ಅಂತ ಇಡಬೇಡಿ. ಮಗುವಿಗೇ ಮುಂದೆ ಬೇಕಾಗಬಹುದು ಅಂತ ಇಡುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಐಸಿಎಂಆರ್ ಕೂಡ ಹೇಳಿದೆ.

ನಾವು ಬೇಡ ಅಂದೆವು. ಕಟ್ಟಿದ 15,000 ಸಂಸ್ಕರಣೆಯ ಖರ್ಚು, ವಾಪಸ್ ಬರಲ್ಲ ಅಂದರು. ಒಪ್ಪಂದದ ಏಳನೇ ಪುಟದಲ್ಲಿ ಅದು ಇದೆ, ಹುಡುಗ ಆ ಪುಟ ತಿರುಗಿಸಿರಲಿಲ್ಲ. ಡಬ್ಬಿ ತಡವಾಗಿ ಹೋಗಿದ್ದಕ್ಕೆ ಅರ್ಧವಾದರೂ ಕೊಡಿ ಅಂತ ಪತ್ರ ಬರೆದಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.

ಭರಣಿ ಅಕ್ಕನ ಹತ್ತಿರವೇ ಇದೆ. ಮೊನ್ನೆ ನನ್ನ ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಾ "ಇವಳ ಕಿವಿ ಥೇಟ್ ಅವನದ್ದೇ ಕಣೇ" ಅಂದಳು.