ಗಾಯಗೊಂಡ ಎಲ್ಕ್ ಹುಡುಕುವುದು: ಕಣ್ಣು, ಲೈಟು, ಪೆರಾಕ್ಸೈಡ್, ನಾಯಿ

ಯಾವ ಬಿಲ್ಲು ಒಳ್ಳೇದು, ಯಾವ ಬಾಣ ಒಳ್ಳೇದು ಅಂತ ಕೇಳುವವರು ಜಾಸ್ತಿ. ಬಾಣ ತಗುಲಿದ ಪ್ರಾಣಿ ಕಣ್ಮರೆಯಾದ ಮೇಲೆ ಏನು ಮಾಡಬೇಕು ಅಂತ ಕೇಳುವವರು ಕಡಿಮೆ. ನನಗೆ ಈ ಎರಡನೇ ಪ್ರಶ್ನೆಯೇ ದೊಡ್ಡದು. ಬಾಣ ಬಿಟ್ಟವರು ನಾವು, ನೋವು ತಿನ್ನುವುದು ಆ ಪ್ರಾಣಿ. ಅದನ್ನು ಹುಡುಕಿ ಮುಗಿಸುವ ಜವಾಬ್ದಾರಿ ನಮ್ಮದೇ ಅಲ್ವಾ?

ನಾನಿರುವುದು ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿದೆ, ಹಾಗಾಗಿ ಊರಿನ ಗೆಳೆಯರಿಗೆ ಇದೆಲ್ಲ ಹೊಸದು ಅನ್ನಿಸಬಹುದು. ಇಲ್ಲಿ ಲೈಸೆನ್ಸ್ ತಗೊಂಡು, ಸೆಪ್ಟೆಂಬರ್ ತಿಂಗಳಲ್ಲಿ ಬಿಲ್ಲಿನಿಂದ ಎಲ್ಕ್ ಬೇಟೆ ಆಡಬಹುದು. ಎಲ್ಕ್ ಅಂದರೆ ನಮ್ಮ ಕಡವೆಯ ನೆಂಟ, ಆದರೆ ಬೆಳೆದ ಗಂಡು 300 ಕೆಜಿ ಆಸುಪಾಸು ತೂಗುತ್ತದೆ. ಬಿಲ್ಲಿನ ಎಳೆತ ಕನಿಷ್ಠ 35 ಪೌಂಡ್ ಇರಬೇಕು, ಬಾಣದ ಮೊನೆ ಕನಿಷ್ಠ ಮುಕ್ಕಾಲು ಇಂಚಿಗಿಂತ ಸ್ವಲ್ಪ ಅಗಲ, ಅಂದರೆ 7/8 ಇಂಚು ಇರಬೇಕು. ಬಂದೂಕಿನ ಗುಂಡು ಹೊಡೆತದಿಂದಲೇ ಕೆಡವಬಹುದು. ಬಾಣ ಹಾಗಲ್ಲ. ಅದು ಕೊಯ್ಯುತ್ತದೆ, ರಕ್ತ ಹರಿಸಿ ಕೊಲ್ಲುತ್ತದೆ. ಆದ್ದರಿಂದ ಚೆನ್ನಾಗಿ ತಗುಲಿದ ಎಲ್ಕ್ ಕೂಡ ಓಡಿಯೇ ಓಡುತ್ತದೆ. ಎರಡೂ ಶ್ವಾಸಕೋಶಕ್ಕೆ ಬಿದ್ದರೆ ಸಾಮಾನ್ಯವಾಗಿ ನೂರು, ನೂರೈವತ್ತು ಮೀಟರ್ ಒಳಗೆ ಬೀಳುತ್ತದೆ. ಒಂದೇ ಶ್ವಾಸಕೋಶಕ್ಕೆ ಬಿದ್ದರೆ ಬೆಟ್ಟ ದಾಟಿ ಹೋಗಬಲ್ಲದು.

ಮೊದಲ ಹೋಲಿಕೆ: ತಕ್ಷಣ ಹಿಂದೆ ಹೋಗುವುದಾ, ಕಾಯುವುದಾ? ಎರಡನ್ನೂ ಮಾಡಿ ನೋಡಿದ್ದೇನೆ, ಬೇರೆಯವರ ಜೊತೆ ಹೋಗಿಯೂ ನೋಡಿದ್ದೇನೆ. ನನ್ನ ಮಟ್ಟಿಗೆ ಉಳಿದೆಲ್ಲ ಸಾಮಾನಿಗಿಂತ ಇದೇ ಮುಖ್ಯ, ಯಾಕೆಂದರೆ ಮೊದಲ ಒಂದು ಗಂಟೆ ಹೇಗೆ ಕಳೆಯುತ್ತೇವೆ ಅನ್ನುವುದರ ಮೇಲೆ ಮುಂದೆ ಯಾವ ದಾರಿ ಉಳಿಯುತ್ತದೆ, ಯಾವುದು ಮುಚ್ಚಿಹೋಗುತ್ತದೆ ಅನ್ನುವುದು ನಿಂತಿದೆ. ಗಾಯಗೊಂಡ ಎಲ್ಕ್‌ಗೆ ಯಾರೂ ಬೆನ್ನು ಹತ್ತಿಲ್ಲ ಅನ್ನಿಸಿದರೆ ಹತ್ತಿರದಲ್ಲೇ ಎಲ್ಲೋ ಮಲಗುತ್ತದೆ. ಮಲಗಿದ ಜಾಗದಲ್ಲೇ ಸಾಯುವ ಸಾಧ್ಯತೆ ಜಾಸ್ತಿ. ನಮ್ಮ ಸದ್ದು ಕೇಳಿ ಎದ್ದರೆ ಕಥೆ ಬೇರೆ. ಗಾಬರಿಯಲ್ಲಿ ಎದ್ದದ್ದು ಮೈಲಿಗಟ್ಟಲೆ ಹೋಗುತ್ತದೆ, ಅಷ್ಟು ಹೊತ್ತಿಗೆ ರಕ್ತ ಹೊರಗೆ ಬೀಳುವುದೂ ನಿಂತಿರುತ್ತದೆ.

ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಬಾಣವೇ ಹೇಳುತ್ತದೆ. ಗುಲಾಬಿ ಬಣ್ಣದ, ಸಣ್ಣ ಗುಳ್ಳೆಗಳಿರುವ ರಕ್ತ ಇದ್ದರೆ ಶ್ವಾಸಕೋಶ. ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ಕಪ್ಪು ಮಿಶ್ರಿತ ಗಾಢ ಕೆಂಪು ಇದ್ದರೆ ಲಿವರ್, ನಾಲ್ಕರಿಂದ ಆರು ಗಂಟೆ. ಹಸಿರು ಅಥವಾ ಕಂದು ಲೋಳೆ, ಅರೆಬರೆ ಅಗಿದ ಹುಲ್ಲು, ಮೂಗಿಗೆ ಬಡಿಯುವ ನಾತ ಇದ್ದರೆ ಹೊಟ್ಟೆ ಅಥವಾ ಕರುಳು. ಆಗ ಎಂಟು, ಹತ್ತು, ಹನ್ನೆರಡು ಗಂಟೆ. ಗುಳ್ಳೆ ಇಲ್ಲದ ತಿಳಿಗೆಂಪು ರಕ್ತ ಮೊದಲು ಜೋರಾಗಿ ಬಿದ್ದು ಆಮೇಲೆ ಹನಿ ಹನಿಯಾಗಿ ಕಡಿಮೆಯಾದರೆ ಬರೀ ಮಾಂಸಖಂಡಕ್ಕೆ ತಗುಲಿರಬಹುದು, ಇದರಲ್ಲಿ ಮಾತ್ರ ಅನುಭವಿಗಳಲ್ಲೂ ಒಮ್ಮತವಿಲ್ಲ, ಕೆಲವರು ಮಲಗಲು ಬಿಡದೆ ನಿಧಾನವಾಗಿ ಬೆನ್ನು ಹತ್ತುತ್ತಲೇ ಇರಿ ಅನ್ನುತ್ತಾರೆ, ಕೆಲವರು ಅದರ ಪಾಡಿಗೆ ಬಿಡಿ ಅನ್ನುತ್ತಾರೆ. ಬಾಣದ ಮೇಲಿನ ಕೂದಲನ್ನೂ ನೋಡಿ. ಉದ್ದನೆಯ ಗಾಢ ಕಂದು ಕೂದಲು ಕುತ್ತಿಗೆಯದು, ತಿಳಿ ಬಣ್ಣದ ಕೂದಲು ಪಕ್ಕೆಯದು.

ಫ್ಲ್ಯಾಟ್ ಟಾಪ್ಸ್ ಬೆಟ್ಟಗಳಲ್ಲಿ ಒಂದು ಹೆಣ್ಣು ಎಲ್ಕ್‌ಗೆ ಸಂಜೆ ನನ್ನ ಬಾಣ ಲಿವರ್‌ಗೆ ತಗುಲಿತ್ತು. ರಕ್ತ ಗಾಢವಾಗಿತ್ತು. ಅಲ್ಲೇ ಗುರುತು ಹಾಕಿ, ಬಂದ ದಾರಿಯಲ್ಲೇ ಹಿಂದೆ ಸರಿದು, ನಡುರಾತ್ರಿ ಕಳೆದ ಮೇಲೆ ಹೋದೆವು. ಮಲಗಿದ್ದಲ್ಲೇ ಸತ್ತಿತ್ತು, ಬಾಣ ಬಿಟ್ಟ ಜಾಗದಿಂದ ತುಂಬಾ ದೂರವೂ ಇರಲಿಲ್ಲ. ಇನ್ನೊಂದು ಸಲ, ಹೆಚ್ಚು ಕಡಿಮೆ ಅದೇ ಥರದ ಗಾಯದ ಮೇಲೆ ಮಳೆ ಶುರುವಾಯಿತು. ಜಾಡು ತೊಳೆದುಹೋಗುತ್ತದೆ ಅಂತ ಬೇಗ ಹೊರಟೆವು. ಸಿಕ್ಕಿತು, ಆದರೆ ಎರಡು ಸಲ ಎದ್ದು ಓಡಿದ ಮೇಲೆ, ಕಣಿವೆಯ ಆಚೆ ಬದಿಯಲ್ಲಿ. ಮಳೆ ಬಂದರೆ ಕಾಯುವ ಲೆಕ್ಕ ಬದಲಾಗುತ್ತದೆ, ನಿಜ. ಮಳೆ ಇಲ್ಲದಿದ್ದರೆ ನಾನು ಯಾವಾಗಲೂ ಕಾಯುವ ಪಕ್ಷ.

ಒಂದು ಸಣ್ಣ ಮಾತು: ಬಾಣ ಬಿಟ್ಟ ತಕ್ಷಣ ಪೀಪಿಯಲ್ಲಿ ಹೆಣ್ಣು ಎಲ್ಕ್‌ನ ಕೂಗು ಊದಿ. ಓಡುತ್ತಿದ್ದ ಗಂಡು ಎಷ್ಟೋ ಸಲ ನಿಂತು ತಿರುಗಿ ನೋಡುತ್ತದೆ. ಅಲ್ಲೇ ನಿಂತು ಕುಸಿದದ್ದೂ ಇದೆ. ಖರ್ಚಿಲ್ಲದ, ತೂಕವಿಲ್ಲದ ಉಪಾಯ.

ಈಗ ಜಾಡು ಹಿಡಿಯುವ ಸಾಮಾನುಗಳು. ಸೆಪ್ಟೆಂಬರ್‌ನ ಕೊಲೊರಾಡೊ ಕಾಡಿನಲ್ಲಿ ಒಂದು ತೊಂದರೆ ಇದೆ. ನೆಲದ ಮೇಲೆ ಎಲ್ಲವೂ ಕೆಂಪೇ! ಆಸ್ಪೆನ್ ಎಲೆಗಳು ಹಳದಿಯಾಗಿ ಬಿದ್ದಿರುತ್ತವೆ, ಅವುಗಳ ಮೇಲೆ ಕಂದುಗೆಂಪು ಚುಕ್ಕೆ. ನೆಲಕ್ಕಂಟಿದ ಕಾಡುಹಣ್ಣಿನ ಗಿಡಗಳ ಎಲೆಯೂ ಕೆಂಪು. ಹನಿ ರಕ್ತಕ್ಕೂ ಎಲೆ ಚುಕ್ಕೆಗೂ ಮೊದಲ ನೋಟಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒದ್ದೆ ಬೆರಳಿನಿಂದ ಉಜ್ಜಿ ನೋಡುವುದು ಹಳೇ ವಿಧಾನ, ಹಗಲಲ್ಲಿ ಬಹಳಷ್ಟು ಸಲ ಅಷ್ಟೇ ಸಾಕು. ಅನುಮಾನ ಉಳಿದರೆ ಹೈಡ್ರೋಜನ್ ಪೆರಾಕ್ಸೈಡ್. ಔಷಧಿ ಅಂಗಡಿಯಲ್ಲಿ ಸಿಗುವ 3 ಶೇಕಡಾದ್ದೇ ಸಾಕು, ಸಣ್ಣ ಸ್ಪ್ರೇ ಬಾಟಲಿಗೆ ತುಂಬಿಕೊಳ್ಳಿ. ರಕ್ತದಲ್ಲಿ ಕೆಟಲೇಸ್ ಅನ್ನುವ ಕಿಣ್ವ ಇದೆ, ಅದು ಪೆರಾಕ್ಸೈಡನ್ನು ಒಡೆದು ಆಮ್ಲಜನಕ ಬಿಡುತ್ತದೆ, ಬಿಳಿ ನೊರೆ ಏಳುತ್ತದೆ. ಎಲೆಯ ಚುಕ್ಕೆ ಹಾಗೆ ನೊರೆ ಏಳಿಸುವುದಿಲ್ಲ. ಒಂದೆರಡು ಡಾಲರಿನ ಬಾಟಲಿ, ಚೀಲದಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ. ಬೆಳಕಿಗೆ ಇಟ್ಟರೆ ಶಕ್ತಿ ಕಳೆದುಕೊಳ್ಳುತ್ತದೆ, ಅದಕ್ಕೆ ಕಪ್ಪು ಅಥವಾ ಕಂದು ಬಾಟಲಿಯೇ ಇರಲಿ, ಪ್ರತಿ ಸೀಸನ್‌ಗೆ ಹೊಸದು ತುಂಬಿ.

ಲ್ಯೂಮಿನಾಲ್ ಸ್ಪ್ರೇ ಕೂಡ ಬಳಸಿದ್ದೇನೆ, ಪೊಲೀಸರು ಬಳಸುವ ಥರದ್ದು. ಕಣ್ಣಿಗೆ ಕಾಣದಷ್ಟು ರಕ್ತವನ್ನೂ ನೀಲಿಯಾಗಿ ಹೊಳೆಸುತ್ತದೆ. ಆದರೆ ಪೂರ್ತಿ ಕತ್ತಲೆ ಬೇಕು, ಟಾರ್ಚ್ ಆರಿಸಬೇಕು, ಪುಡಿ ಕಲಸಿದ ಮೇಲೆ ಬೇಗ ಬಳಸಿ ಮುಗಿಸಬೇಕು. ಕಡಿದಾದ ಇಳಿಜಾರಿನಲ್ಲಿ, ಬಿದ್ದ ಮರಗಳ ನಡುವೆ, ಲೈಟಿಲ್ಲದೆ ನಡೆಯುವುದು ಅಪಾಯ. ಜಾಡು ಕೊನೆಯಾದ ಒಂದೇ ಜಾಗದ ಸುತ್ತ ಹುಡುಕಲು ಸರಿ, ಉಳಿದದ್ದಕ್ಕೆ ಪೆರಾಕ್ಸೈಡೇ ನನ್ನ ಆಯ್ಕೆ.

ಲೈಟುಗಳ ವಿಷಯ ಬೇಗ ಮುಗಿಸುತ್ತೇನೆ. ರಕ್ತ ಎದ್ದು ಕಾಣುತ್ತದೆ ಅಂತ ಕೆಂಪು ಹಸಿರು ಬಣ್ಣ ಸೇರಿಸಿ ಮಾರುವ ಟಾರ್ಚುಗಳಿಗೆ ದುಡ್ಡು ಹಾಕಬೇಡಿ. ಒಳ್ಳೆಯ ಬಿಳಿ ಬೆಳಕಿನ ಟಾರ್ಚ್ ಪಕ್ಕದಲ್ಲಿ ಇಟ್ಟು ನೋಡಿದಾಗ ಬಿಳಿಯದೇ ಗೆದ್ದಿತು, ಮುಖ್ಯವಾಗಿ ಒಣಗಿದ ರಕ್ತದ ಮೇಲೆ. ಹಳಬರು ಗ್ಯಾಸ್ ಲಾಂದ್ರ ಒಯ್ಯುತ್ತಾರೆ. ಅದರ ಬೆಚ್ಚನೆಯ ಬೆಳಕಿನಲ್ಲಿ ಹಸಿ ರಕ್ತ ಮಿರುಗುವುದು ನಿಜ. ಆದರೆ 3,000 ಮೀಟರ್ ಎತ್ತರದ ಬೆಟ್ಟಕ್ಕೆ ಅದನ್ನು ಹೊತ್ತೊಯ್ಯುವುದು ನನ್ನಿಂದಾಗದು. ತಲೆಗೆ ಒಂದು, ಕೈಗೆ ಒಂದು ಲೈಟು ಇರಲಿ. ಕೈಯದನ್ನು ನೆಲಕ್ಕೆ ಹತ್ತಿರ, ಓರೆಯಾಗಿ ಹಿಡಿದರೆ ಗೊರಸಿನ ಗುರುತೂ ಕಾಣುತ್ತದೆ.

ಗುರುತು ಹಾಕಲು ಬಣ್ಣದ ಟೇಪು, ಟಾಯ್ಲೆಟ್ ಪೇಪರ್, ಫೋನ್ ಮ್ಯಾಪ್ ಮೂರನ್ನೂ ಬಳಸಿದ್ದೇನೆ. ಪೇಪರ್ ಮಳೆಗೆ ಕರಗುತ್ತದೆ, ಬಿಟ್ಟು ಬಂದರೂ ಕಾಡಿಗೆ ಹೊರೆಯಲ್ಲ. ಟೇಪು ಉಳಿಯುತ್ತದೆ, ಅದಕ್ಕೇ ವಾಪಸ್ ಬಿಚ್ಚಿಕೊಂಡು ಬರಬೇಕು. ಆನ್‌ಎಕ್ಸ್ ಥರದ ಮ್ಯಾಪಿನಲ್ಲಿ ಪ್ರತಿ ರಕ್ತದ ಕಲೆಗೆ ಒಂದು ಚುಕ್ಕೆ ಹಾಕಿದರೆ ಪ್ರಾಣಿ ಯಾವ ಕಡೆ ತಿರುಗುತ್ತಿದೆ ಅನ್ನುವುದು ಮೇಲಿನಿಂದ ಕಾಣುತ್ತದೆ, ಖಾಸಗಿ ಜಮೀನಿನ ಗಡಿಯೂ ಕಾಣುತ್ತದೆ. ಗಾಯದ ಎಲ್ಕ್ ಬೇಲಿ ದಾಟಿದರೆ ನಾವು ದಾಟುವಂತಿಲ್ಲ, ಮಾಲೀಕರ ಅನುಮತಿ ಬೇಕು. ಆದರೆ ಹಿಂತಿರುಗಿ ನೋಡಿದಾಗ ಕಾಡಿನೊಳಗೆ ಸಾಲಾಗಿ ಬಿಳಿ ಪೇಪರ್ ಕಾಣುವುದಿದೆಯಲ್ಲ, ಅದರಷ್ಟು ಬೇಗ ದಿಕ್ಕು ಹೇಳುವುದು ಫೋನಿಗೂ ಆಗಿಲ್ಲ. ಎರಡೂ ಬೇಕು.

ರಕ್ತ ನಿಂತ ಮೇಲೆ ಏನು? ಇಲ್ಲಿ ನಿಜವಾದ ಸ್ಪರ್ಧೆ ಗೆಳೆಯರ ಗುಂಪಿಗೂ ನಾಯಿಗೂ.

ಗುಂಪಾಗಿ ಸಾಲು ಹಿಡಿದು ಹುಡುಕುವುದು ಸುಲಭವಾಗಿ ಸಿಗುವ ಸಹಾಯ. ನಾಲ್ಕೈದು ಜನ, ಒಬ್ಬರಿಗೊಬ್ಬರು ಕಾಣುವಷ್ಟು ದೂರದಲ್ಲಿ, ಕಾಡನ್ನು ಪಟ್ಟಿ ಪಟ್ಟಿಯಾಗಿ ಮುಗಿಸುವುದು. ಬಿದ್ದಿರುವ ಪ್ರಾಣಿ ದೊಡ್ಡದು, ತಿಳಿ ಬಣ್ಣದ್ದು, ಬಯಲಿನಲ್ಲಾದರೆ ಸಿಗುತ್ತದೆ. ಸ್ಪ್ರೂಸ್ ಮರಗಳು ಒಂದರ ಮೇಲೊಂದು ಬಿದ್ದಿರುವ ಕತ್ತಲೆ ಕಾಡಿನಲ್ಲಿ ಹತ್ತು ಹೆಜ್ಜೆ ದೂರದ ಎಲ್ಕ್ ಕೂಡ ತಪ್ಪಿಹೋಗುತ್ತದೆ. ಜೊತೆಗೆ ಎಲ್ಕ್ ಹಿಂಡಿನ ಪ್ರಾಣಿ. ಗಾಯದ್ದು ಹಿಂಡಿನ ಜೊತೆ ಸೇರಿತು ಅಂದರೆ ನೆಲದ ಮೇಲೆ ಹತ್ತಾರು ಗೊರಸಿನ ಗುರುತು, ನಮ್ಮ ಕಣ್ಣಿಗೆ ಎಲ್ಲವೂ ಒಂದೇ.

ನಾಯಿಗೆ ಹಾಗಲ್ಲ. ಕಲಿತ ನಾಯಿ ಆ ಒಂದೇ ಪ್ರಾಣಿಯ ವಾಸನೆ ಹಿಡಿಯುತ್ತದೆ, ಒಂದು ಹನಿ ರಕ್ತ ಇಲ್ಲದಿದ್ದರೂ ಹೋಗುತ್ತದೆ, ಹಿಂಡಿನ ನಡುವೆಯೂ ತನ್ನ ದಾರಿ ಬಿಡುವುದಿಲ್ಲ. ಹಿಂದಿನ ದಿನದ ಜಾಡನ್ನೂ ಹಿಡಿಯಬಲ್ಲದು, ನೆಲ ಸ್ವಲ್ಪ ತೇವ ಇದ್ದರೆ ಇನ್ನೂ ಒಳ್ಳೆಯದು, ಒಣ ಬಿಸಿಲು ಅದಕ್ಕೆ ಕಷ್ಟ. ಈ ಕೆಲಸಕ್ಕೆ ಜರ್ಮನಿಯಲ್ಲಿ ಬಹಳ ಹಿಂದಿನಿಂದ ಬೆಳೆಸಿದ ತಳಿಗಳಿವೆ. ಬವೇರಿಯನ್ ಮೌಂಟನ್ ಹೌಂಡ್ ಬೆಟ್ಟಕ್ಕೆ ಹೇಳಿ ಮಾಡಿಸಿದ್ದು. ಒರಟು ಕೂದಲಿನ ಡ್ಯಾಕ್ಸ್‌ಹುಂಡ್ ಕುಳ್ಳಗಿದ್ದರೂ ಮೂಗು ಅದ್ಭುತ. ಗನ್ನಿಸನ್ ಕಡೆ ಒಂದು ಗಂಡು ಎಲ್ಕ್‌ಗೆ ಬಾಣ ಮೈಯ ಮೇಲ್ಭಾಗಕ್ಕೆ ತಗುಲಿ ಆಚೆ ಬದಿಯಿಂದ ಹೊರಬಂದಿರಲಿಲ್ಲ. ಇಂಥ ಗಾಯದಲ್ಲಿ ರಕ್ತ ಒಳಗೇ ತುಂಬಿಕೊಳ್ಳುತ್ತದೆ, ನೆಲಕ್ಕೆ ಬೀಳುವುದು ಬಹಳ ಕಡಿಮೆ. ನಾವು ಕೊನೆಯ ಹನಿಯಲ್ಲಿ ನಿಂತು, ಮುಂದೆ ಒಂದು ಹೆಜ್ಜೆ ಇಡದೆ ನಾಯಿಯವರಿಗೆ ಫೋನ್ ಮಾಡಿದೆವು. ಬೆಳಿಗ್ಗೆ ಬಂದ ನಾಯಿ ನಾವು ಊಹಿಸಿದ್ದ ದಿಕ್ಕಿಗೆ ನೇರ ವಿರುದ್ಧವಾಗಿ ಹೊರಟಿತು. ಹೋಗಿ ನಿಂತದ್ದು ಎಲ್ಕ್ ಮುಂದೆ. ಆ ನಾಯಿಯ ಕುತ್ತಿಗೆ ತಬ್ಬಿಕೊಂಡು ಕೂತುಬಿಟ್ಟೆ. ನಾವು ಗುಂಪಾಗಿ ಸಾಲು ಹಿಡಿದು ಹುಡುಕಿದ್ದರೆ ಆ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ.

ಹಾಗಾಗಿ ನನ್ನ ತೀರ್ಮಾನ ಸ್ಪಷ್ಟ. ರಕ್ತ ನಿಂತರೆ ಮೊದಲು ನಾಯಿ, ನಾಯಿ ಸಿಗದಿದ್ದರೆ ಮಾತ್ರ ಗುಂಪು. ತಿರುಗುಮುರುಗು ಮಾಡಬೇಡಿ. ಐದು ಜನ ರಕ್ತ ತುಳಿದು, ಬೂಟಿನ ಅಡಿ ಅಂಟಿಸಿಕೊಂಡು ಕಾಡೆಲ್ಲ ಹರಡಿದ ಮೇಲೆ ನಾಯಿಗೆ ಕೆಲಸ ತುಂಬಾ ಕಷ್ಟ. ಕೊಲೊರಾಡೊದಲ್ಲಿ ನಾಯಿಯಿಂದ ಎಲ್ಕ್ ಬೇಟೆ ನಿಷಿದ್ಧ, ಆದರೆ ಗಾಯದ ಪ್ರಾಣಿ ಹುಡುಕಲು ಹಗ್ಗ ಕಟ್ಟಿದ ನಾಯಿಗೆ ಪರ್ಮಿಟ್ ಮೇಲೆ ಅವಕಾಶ ಇದೆ. ಬೇರೆ ರಾಜ್ಯಗಳ ನಿಯಮ ಬೇರೆ, ಆ ವರ್ಷದ ನಿಯಮ ಪುಸ್ತಕ ಓದಿಯೇ ಹೋಗಿ. ಯುನೈಟೆಡ್ ಬ್ಲಡ್ ಟ್ರ್ಯಾಕರ್ಸ್ ಅನ್ನುವ ಸಂಘ ಇಂಥ ನಾಯಿಯವರ ಪಟ್ಟಿ ಇಡುತ್ತದೆ. ಸೀಸನ್‌ಗೆ ಮುಂಚೆಯೇ ಮಾತಾಡಿ ನಂಬರ್ ಇಟ್ಟುಕೊಳ್ಳಿ, ಬೆಟ್ಟದ ಮೇಲೆ ಸಿಗ್ನಲ್ ಹುಡುಕುತ್ತಾ ಗೂಗಲ್ ಮಾಡುವ ಹೊತ್ತಲ್ಲ ಅದು.

ಡ್ರೋನ್ ಬಗ್ಗೆ ಕೇಳುವವರಿದ್ದಾರೆ. ಕೊಲೊರಾಡೊದಲ್ಲಿ ಬೇಟೆಗೆ ಸಹಾಯವಾಗಿ ಪ್ರಾಣಿ ಹುಡುಕಲು ಡ್ರೋನ್ ಹಾರಿಸುವುದು ಕಾನೂನಿಗೆ ವಿರುದ್ಧ. ನಾನು ಬಳಸಿಲ್ಲ, ಬಳಸುವುದೂ ಇಲ್ಲ. ಅದರ ಬದಲು ಮರುದಿನ ಬೆಳಿಗ್ಗೆ ಸುಮ್ನೆ ಕೂತು ಹಕ್ಕಿಗಳ ಸದ್ದು ಕೇಳಿ. ಕಾಡುಕಾಗೆ, ಮ್ಯಾಗ್‌ಪೈ ಒಂದು ಕಡೆ ಸೇರಿ ಗಲಾಟೆ ಮಾಡುತ್ತಿದ್ದರೆ ಹೋಗಿ ನೋಡಲೇಬೇಕು. ಕರಡಿಯೂ ಅದೇ ಸದ್ದು ಕೇಳಿರಬಹುದು, ಮಾತಾಡಿಕೊಂಡು, ಸದ್ದು ಮಾಡುತ್ತಾ ಹೋಗಿ.

ಕಾಯುವುದಕ್ಕೆ ಒಂದು ಬೆಲೆ ಇದೆ, ಅದು ಮಾಂಸ. ಎಲ್ಕ್ ಚರ್ಮ ದಪ್ಪ, ಕೂದಲು ದಟ್ಟ, ಸತ್ತ ಮೇಲೂ ಒಳಗಿನ ಬಿಸಿ ಗಂಟೆಗಟ್ಟಲೆ ಉಳಿಯುತ್ತದೆ. ಎತ್ತರದಲ್ಲಿ ಸೆಪ್ಟೆಂಬರ್ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇದ್ದರೂ ಹಿಂಗಾಲಿನ ಮೂಳೆಯ ಸುತ್ತ ಮಾಂಸ ಹುಳಿಯಬಹುದು. ಅದಕ್ಕೇ ತಡವಾಗಿ ಸಿಕ್ಕ ಪ್ರಾಣಿಯಲ್ಲಿ ನಾನು ಮೊದಲು ಚರ್ಮ ತೆಗೆಯುವುದು ಹಿಂಗಾಲಿನದು. ನೆಲಕ್ಕೆ ತಾಗಿದ್ದ ಬದಿಯನ್ನು ಬೇಗ ಮಗುಚಿ, ಸೊಂಟದ ಕೀಲಿನವರೆಗೆ ಕೊಯ್ದು ಗಾಳಿ ಆಡಲು ಬಿಟ್ಟು, ಮೂಗು ಹತ್ತಿರ ಇಟ್ಟು ನೋಡುತ್ತೇನೆ. ಕೆಟ್ಟ ವಾಸನೆ ಇದ್ದ ಭಾಗವನ್ನು ಮಾತ್ರ ಬೇರೆ ಮಾಡಿ, ಉಳಿದದ್ದನ್ನು ಬಟ್ಟೆ ಚೀಲದಲ್ಲಿ ತೂಗುಹಾಕುತ್ತೇನೆ, ನೆರಳಿನ ಮರದಲ್ಲಿ, ತೊರೆಯ ತಂಪು ಗಾಳಿ ಬೀಸುವ ಕಡೆ.